ಏಳು ವಾರದ ಬೆರಕೆ ಮರಿಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು?

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಒಂದು ಹುಂಜ, ಎರಡು ಹೇಂಟೆ ಇವೆ. ಯಾವ ತಳಿಯೆಂದು ಗೊತ್ತಿಲ್ಲ, ಎಲ್ಲ ಬೆರಕೆ. ಹುಂಜದ್ದು ಕೆಂಪು ಬೆನ್ನು, ಕಪ್ಪು ಎದೆ. ಒಂದು ಹೇಂಟೆಗೆ ಮೈತುಂಬ ಕಪ್ಪು-ಬಿಳಿ ಅಡ್ಡಗೀರು, ಇನ್ನೊಂದು ಕಂದು. ಎರಡರ ಮೊಟ್ಟೆಯನ್ನೂ ಸೇರಿಸಿ ಕಾವಿಗಿಟ್ಟಿದ್ದೆವು. ಒಂಬತ್ತು ಮರಿಯಾದವು, ಈಗ ಏಳು ವಾರ ತುಂಬಿದೆ. ಎರಡು ಮರಿಗೆ ತಾಯಿಯ ಹಾಗೇ ಗೀರು, ಎರಡು ಪೂರ್ತಿ ಕಪ್ಪು, ಐದು ಕಂದು. ಕಂದು ಮರಿಗಳಲ್ಲಿ ಮೂರಕ್ಕೆ ನೆಟ್ಟಗಿನ ಜುಟ್ಟು, ಎರಡಕ್ಕೆ ತಲೆಗೆ ಅಂಟಿಕೊಂಡ ಚಪ್ಪಟೆ ಜುಟ್ಟು. ಒಬ್ಬರು ರೆಕ್ಕೆ ಬಿಡಿಸಿ ನೋಡಿ ಆರು ಹೇಂಟೆ ಎಂದರು. ಇನ್ನೊಬ್ಬರು ಜುಟ್ಟು ನೋಡಿ ಮೂರೇ ಎಂದರು. ಮರಿಗಳಲ್ಲಿ ಒಂದು ಹುಂಜ ಮಾತ್ರ ಇಟ್ಟುಕೊಂಡು ಉಳಿದ ಹುಂಜಗಳನ್ನು ಬೇರೆಯವರಿಗೆ ಕೊಡಬೇಕು. ಯಾರ ಮಾತು ನಂಬಲಿ?

ಉತ್ತರ: ಒಂಬತ್ತರಲ್ಲಿ ನಾಲ್ಕು ಮರಿಗಳ ವಿಷಯ ಇವತ್ತೇ ಹೇಳಬಲ್ಲೆ. ಗೀರಿನವು ಎರಡೂ ಹುಂಜ. ಕಪ್ಪಿನವು ಎರಡೂ ಹೇಂಟೆ ಎನ್ನಲು ಬಲವಾದ ಕಾರಣವಿದೆ. ಉಳಿದ ಐದು ಕಂದು ಮರಿಗಳಲ್ಲಿ ಯಾವುದನ್ನೂ ಹನ್ನೆರಡು ವಾರ ತುಂಬುವ ಮೊದಲು ಆಚೆ ಕಳಿಸಬೇಡಿ. ಈಗಲೇ ಊಹೆ ಮಾಡಬಹುದು, ಹೇಗೆ ಮಾಡಬೇಕೆಂದೂ ಹೇಳುತ್ತೇನೆ. ಆದರೆ ಊಹೆಯ ಮೇಲೆ ಒಂದು ಜೀವವನ್ನು ಇನ್ನೊಬ್ಬರ ಕೈಗೆ ದಾಟಿಸುವುದು ಬೇಡ.

ಮೊದಲು ಗೀರಿನ ಮರಿಗಳು. ಕೋಳಿಯಲ್ಲಿ ಮರಿ ಗಂಡೋ ಹೆಣ್ಣೋ ಎಂದು ನಿರ್ಧಾರವಾಗುವುದು ತಾಯಿಯಿಂದ. ಹುಂಜಕ್ಕೆ ಝಡ್ ಎಂಬ ವರ್ಣತಂತು ಎರಡಿರುತ್ತವೆ, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ತಾಯಿಯ ಝಡ್ ಬಂದ ಮೊಟ್ಟೆಯಲ್ಲಿ ಹುಂಜ, ಡಬ್ಲ್ಯು ಬಂದ ಮೊಟ್ಟೆಯಲ್ಲಿ ಹೇಂಟೆ. ಅಡ್ಡಗೀರು ಮೂಡಿಸುವ ಜೀನ್ ಈ ಝಡ್ ಮೇಲೆಯೇ ಇದೆ. ನಿಮ್ಮ ಗೀರಿನ ಹೇಂಟೆಯ ಹತ್ತಿರ ಇರುವುದು ಒಂದೇ ಝಡ್, ಅದು ಹೋಗುವುದು ಗಂಡುಮರಿಗಳಿಗೆ ಮಾತ್ರ. ಹೆಣ್ಣುಮರಿಗಳಿಗೆ ಝಡ್ ಬರುವುದು ತಂದೆಯಿಂದ, ಆ ತಂದೆಯ ಮೈಮೇಲೆ ಗೀರೇ ಇಲ್ಲ. ಹಾಗಾಗಿ ಈ ಜೋಡಿಯಲ್ಲಿ ತಾಯಿಯ ಗೀರು ಗಂಡುಮರಿಗಳ ಮೈಮೇಲಷ್ಟೇ ಬರಲು ಸಾಧ್ಯ. ನೋಡುವವರಿಗೆ ತಾಯಿಯ ಪಡಿಯಚ್ಚು, ಆದರೆ ಹುಂಜ. ಅಪ್ಪಟ ಗೀರಿನ ತಳಿಗಳಲ್ಲಿ ಹುಂಜ ಹೇಂಟೆಗಿಂತ ತೆಳುಬಣ್ಣದ್ದಾಗಿ ಕಾಣುತ್ತದೆ, ಏಕೆಂದರೆ ಅದಕ್ಕೆ ಗೀರಿನ ಜೀನ್ ಎರಡು ಪಾಲು ಸಿಕ್ಕಿರುತ್ತದೆ. ಆ ರೂಢಿಯ ಮೇಲೆ "ಕಡುಬಣ್ಣದ ಗೀರು, ಹಾಗಾದರೆ ಹೇಂಟೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮ ಮರಿಗಳಿಗೆ ಸಿಕ್ಕಿರುವುದು ಒಂದೇ ಪಾಲು, ಅವು ತಾಯಿಯಷ್ಟೇ ಕಡುಬಣ್ಣದಲ್ಲಿ ಇರುತ್ತವೆ.

ಇದಕ್ಕೆ ಒಂದು ಷರತ್ತಿದೆ. ತಂದೆ ಈ ಹುಂಜವೇ ಆಗಿರಬೇಕು. ಹೇಂಟೆ ತನ್ನ ಮೈಯೊಳಗೆ ವೀರ್ಯವನ್ನು ಎರಡರಿಂದ ಮೂರು ವಾರ ಕಾಪಾಡಿಕೊಳ್ಳುತ್ತದೆ. ಮೊಟ್ಟೆ ಕೂಡಿಡುವ ಮುಂಚಿನ ಮೂರು ವಾರದಲ್ಲಿ ಬೇರೆ ಹುಂಜ ಬೇಲಿ ದಾಟಿ ಬಂದಿದ್ದರೆ, ಅದೂ ಗೀರಿನದ್ದಾಗಿದ್ದರೆ, ಈ ಲೆಕ್ಕ ಮುರಿಯುತ್ತದೆ. ಗೀರು ನಿಜವಾದ ಗೀರೇ ಎಂದೂ ಖಚಿತ ಮಾಡಿಕೊಳ್ಳಿ. ಒಂದು ಗರಿಯನ್ನು ಬೆರಳಲ್ಲಿ ಹಿಡಿದು ನೋಡಿ. ಬುಡದಿಂದ ತುದಿಯವರೆಗೆ ಕಪ್ಪು, ಬಿಳಿ, ಕಪ್ಪು, ಬಿಳಿ ಎಂದು ಪಟ್ಟಿ ಪಟ್ಟಿಯಾಗಿ ಅಡ್ಡಕ್ಕೆ ಹಾದಿರಬೇಕು. ಕಂದು ಗರಿಯ ಮೇಲಿನ ಸಣ್ಣ ಕಪ್ಪು ಅಲೆ, ಚುಕ್ಕೆ, ಅಂಚುಗೆರೆ ಇವೆಲ್ಲ ಬೇರೆ ಜೀನ್‌ಗಳ ಕೆಲಸ, ಅವು ಝಡ್ ಮೇಲಿಲ್ಲ, ಗಂಡು-ಹೆಣ್ಣು ಹೇಳುವುದಿಲ್ಲ. ಇನ್ನು ಈ ನಿಯಮವನ್ನು ತಿರುಗಿಸಿ ಬಳಸಲು ಬರುವುದಿಲ್ಲ. ಹುಂಜ ಅಪ್ಪಟ ಗೀರಿನದು, ಹೇಂಟೆ ಕಪ್ಪು ಆದರೆ ಗಂಡು ಹೆಣ್ಣು ಎರಡಕ್ಕೂ ಗೀರು ಬರುತ್ತದೆ, ಆಗ ಬಣ್ಣದಿಂದ ಏನೂ ತಿಳಿಯದು.

ಕಪ್ಪು ಮರಿಗಳಿಗೂ ಇದೇ ಎಳೆ ಹಿಡಿದು ಬನ್ನಿ. ಗೀರಿನ ಕೋಳಿ ಎಂದರೆ ಒಳಗೆ ಕಪ್ಪು ಕೋಳಿ, ಆ ಕಪ್ಪಿನ ಮೇಲೆ ಗೀರು ಎಳೆದಂತೆ. ಮೈತುಂಬಿದ ಕಪ್ಪು ಪ್ರಬಲ ಗುಣ. ಕೆಂಪು ಬೆನ್ನಿನ ಹುಂಜ ಮತ್ತು ಕಂದು ಹೇಂಟೆಯ ಜೋಡಿಯಿಂದ ಪೂರ್ತಿ ಕಪ್ಪು ಮರಿ ಬರುವುದು ಕಷ್ಟ. ಹಾಗಾದರೆ ನಿಮ್ಮ ಕಪ್ಪು ಮರಿಗಳು ಗೀರಿನ ತಾಯಿಯವೇ. ತಾಯಿಯ ಕಪ್ಪು ಬಂದಿದೆ, ಗೀರು ಬಂದಿಲ್ಲ. ಗಂಡಾಗಿದ್ದರೆ ಗೀರು ಬರದೆ ಇರುತ್ತಿರಲಿಲ್ಲ. ಅದಕ್ಕೇ ಅವು ಹೇಂಟೆ ಎನ್ನುತ್ತಿದ್ದೇನೆ. ಅವುಗಳ ಕುತ್ತಿಗೆಯಲ್ಲಿ ಸ್ವಲ್ಪ ಹೊನ್ನಿನ ಬಣ್ಣ ಇಣುಕಿದರೆ ಗಾಬರಿಯಾಗಬೇಡಿ, ಅದು ತಂದೆಯ ಕಡೆಯದು. ಮುಂದಿನ ಸಲ ಇದೇ ಜೋಡಿಯ ಮೊಟ್ಟೆ ಕಾವಿಗಿಟ್ಟರೆ ಏಳು ವಾರ ಕಾಯಬೇಕಿಲ್ಲ. ಮೊಟ್ಟೆಯೊಡೆದ ದಿನವೇ ತುಪ್ಪಳ ಒಣಗಿದ ಮೇಲೆ ಕಪ್ಪು ಮರಿಗಳ ನೆತ್ತಿ ನೋಡಿ. ನೆತ್ತಿಯ ಮೇಲೆ ಬೆಳ್ಳಗಿನ ಬೊಟ್ಟಿದ್ದರೆ ಅದು ಗೀರಾಗುವ ಮರಿ, ಅಂದರೆ ಹುಂಜ. ನೆತ್ತಿಯೂ ಕಪ್ಪಾಗಿದ್ದರೆ ಹೇಂಟೆ.

ಈಗ ರೆಕ್ಕೆ ನೋಡಿ ಹೇಳಿದವರ ಮಾತು. ಅವರು ಹೇಳಿದ್ದಕ್ಕೆ ಆಧಾರವಿಲ್ಲದಿಲ್ಲ, ಅನ್ವಯಿಸಿದ ಜಾಗ ತಪ್ಪು. ಹುಟ್ಟಿದ ಒಂದೆರಡು ದಿನದ ಮರಿಯ ರೆಕ್ಕೆ ಬಿಡಿಸಿದರೆ ಎರಡು ಸಾಲು ಎಳೆಗರಿ ಕಾಣುತ್ತವೆ. ಕೆಳಗೆ ಹಾರುವ ಗರಿಗಳು, ಮೇಲೆ ಅವನ್ನು ಮುಚ್ಚುವ ಗರಿಗಳು. ಹಾರುವ ಗರಿ ಉದ್ದವಾಗಿದ್ದರೆ ಹೇಂಟೆ, ಎರಡೂ ಸಮವಾಗಿದ್ದರೆ ಅಥವಾ ಮುಚ್ಚುಗರಿಯೇ ಉದ್ದವಾಗಿದ್ದರೆ ಹುಂಜ ಎಂಬ ರೂಢಿ ದೊಡ್ಡ ಮರಿಕೇಂದ್ರಗಳಿಂದ ಬಂದದ್ದು. ಅಲ್ಲಿ ಬೇಗ ಗರಿ ಬರುವ ಹುಂಜವನ್ನೂ ತಡವಾಗಿ ಗರಿ ಬರುವ ಹೇಂಟೆಯನ್ನೂ ಆರಿಸಿಯೇ ಜೋಡಿ ಮಾಡಿರುತ್ತಾರೆ. ಗರಿ ತಡವಾಗಿಸುವ ಜೀನ್ ಕೂಡ ಝಡ್ ಮೇಲೇ ಇರುವುದರಿಂದ, ಗೀರಿನ ಲೆಕ್ಕದ ಹಾಗೇ ತಾಯಿಯ ಗುಣ ಗಂಡುಮರಿಗಳಿಗಷ್ಟೇ ಹೋಗುತ್ತದೆ. ನಿಮ್ಮ ಕೋಳಿಗಳಲ್ಲಿ ಯಾವುದಕ್ಕೆ ಗರಿ ಬೇಗ, ಯಾವುದಕ್ಕೆ ತಡ ಎಂದು ಯಾರಿಗೂ ಗೊತ್ತಿಲ್ಲ. ತಂದೆತಾಯಿ ಎರಡೂ ಬೇಗ ಗರಿ ಬರುವ ಜಾತಿಯಾಗಿದ್ದರೆ ಅಷ್ಟೂ ಮರಿಗಳ ರೆಕ್ಕೆ "ಹೇಂಟೆ" ಎಂದೇ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಈ ವ್ಯತ್ಯಾಸ ಕಾಣುವುದು ಮೊದಲ ಎರಡು ಮೂರು ದಿನ. ಏಳು ವಾರದ ಮರಿಯ ರೆಕ್ಕೆಯಲ್ಲಿ ಓದಲು ಏನೂ ಉಳಿದಿರುವುದಿಲ್ಲ.

ಮರಿಯ ಹಿಂಬದಿ ಒತ್ತಿ ನೋಡುವ ಕ್ರಮದ ಬಗ್ಗೆಯೂ ನಿಮಗೆ ಯಾರಾದರೂ ಹೇಳಬಹುದು. ಜಪಾನಿನ ಮಸುಯಿ, ಹಶಿಮೊಟೊ ಎಂಬ ವಿಜ್ಞಾನಿಗಳು 1920ರ ದಶಕದಲ್ಲಿ ಅದನ್ನು ಬೆಳೆಸಿದರು. 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಜಾಗತಿಕ ಕೋಳಿ ಸಮ್ಮೇಳನದಿಂದ ಆ ವಿದ್ಯೆ ಹೊರಜಗತ್ತಿಗೆ ಗೊತ್ತಾಯಿತು. ಹುಟ್ಟಿದ ದಿನದ ಮರಿಯಲ್ಲಿ, ಸಾಸಿವೆಗಿಂತ ಚಿಕ್ಕ ಉಬ್ಬೊಂದನ್ನು ಗುರುತಿಸುವ ಕೆಲಸ ಅದು. ಕೆಲವು ಹೇಂಟೆಮರಿಗಳಿಗೂ ಆ ಉಬ್ಬು ಇರುತ್ತದೆ. ವರ್ಷಗಟ್ಟಲೆ ಕೈ ಪಳಗಿಸಿದವರು ಮಾಡಬಹುದು. ಪಳಗದ ಕೈ ಒತ್ತಿದರೆ ಎಳೆಗರುಳಿಗೆ ಪೆಟ್ಟಾಗಿ ಮರಿ ಸಾಯಬಹುದು. ಮನೆಯಲ್ಲಿ ಇದನ್ನು ಮಾಡಲೇಬೇಡಿ.

ಉಳಿದದ್ದು ಕಂದು ಮರಿಗಳು. ನನ್ನ ಮುಖ್ಯ ಮಾತು ಇಲ್ಲಿದೆ.

ಬೆಳೆಯುವ ಮರಿ ನಮಗೆ ಎರಡು ಸಾಕ್ಷಿ ಕೊಡುತ್ತದೆ, ಜುಟ್ಟು ಒಂದು, ಗರಿಯ ಆಕಾರ ಇನ್ನೊಂದು. ಬಹಳ ಜನ ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ, ಜುಟ್ಟು ಮೊದಲು ಕಾಣುವುದರಿಂದ ಅಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ನಿಜವಾಗಿ ಇವೆರಡರ ಹಿಂದೆ ಬೇರೆ ಬೇರೆ ಹಾರ್ಮೋನುಗಳಿವೆ. ಜುಟ್ಟನ್ನು ಬೆಳೆಸುವುದು, ಕೆಂಪೇರಿಸುವುದು ಬೀಜದಲ್ಲಿ ಹುಟ್ಟುವ ಗಂಡು ಹಾರ್ಮೋನು. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಅರ್ನಾಲ್ಡ್ ಬರ್ಥೋಲ್ಡ್ ಎಂಬ ವಿಜ್ಞಾನಿ ಎಳೆ ಹುಂಜಗಳ ಬೀಜ ತೆಗೆದು ನೋಡಿದ. ಜುಟ್ಟು ಬೆಳೆಯಲಿಲ್ಲ, ಕೂಗಲಿಲ್ಲ, ಕಾದಾಡಲಿಲ್ಲ. ಬೀಜವನ್ನು ಹೊಟ್ಟೆಯೊಳಗೆ ಮರಳಿ ಇರಿಸಿದ ಹುಂಜಗಳಲ್ಲಿ ಎಲ್ಲವೂ ಮರಳಿತು. ಗರಿಯ ಕತೆ ಬೇರೆ. ಬೀಜ ತೆಗೆದ ಹುಂಜಕ್ಕೆ ಜುಟ್ಟು ಸೊರಗುತ್ತದೆ, ಆದರೆ ಹುಂಜದ ಉದ್ದ, ಚೂಪು, ಹೊಳಪಿನ ಗರಿ ಹಾಗೇ ಬರುತ್ತದೆ. ಅಂಡಾಶಯ ಕೆಟ್ಟುಹೋದ ಹೇಂಟೆ ಮುಂದಿನ ಸಲ ಗರಿ ಉದುರಿಸಿದಾಗ ಹುಂಜದ ಗರಿಯನ್ನೇ ತೊಡುತ್ತದೆ. ಅಂದರೆ ಚೂಪುಗರಿ ಕೋಳಿಯ ಮೈ ತಾನಾಗಿ ಬೆಳೆಸುವ ಗರಿ. ಅದನ್ನು ತಡೆದು ಗುಂಡಗಿನ ಹೇಂಟೆಗರಿಯಾಗಿಸುವುದು ಹೆಣ್ಣು ಹಾರ್ಮೋನು.

ಇದರಿಂದ ಹಿತ್ತಲಲ್ಲಿ ಆಗುವ ಪ್ರಯೋಜನ ದೊಡ್ಡದು. ಗಂಡು ಹಾರ್ಮೋನು ಏರುಪೇರಾದರೆ ಜುಟ್ಟು ಏರುಪೇರಾಗುತ್ತದೆ. ಗುಂಪಿನಲ್ಲಿ ಜೋರಿನ ಅಣ್ಣತಮ್ಮಂದಿರ ಕೆಳಗೆ ಬದುಕುವ ಹುಂಜಮರಿಯ ಜುಟ್ಟು ತಿಂಗಳುಗಟ್ಟಲೆ ಬಿಳಿಚಿಕೊಂಡೇ ಇರಬಹುದು. ಹೇನು, ಹೊಟ್ಟೆಹುಳು, ರಕ್ತಭೇದಿಯಿಂದ ಸೊರಗಿದ ಮರಿಯ ಜುಟ್ಟೂ ಬಿಳಿಚುತ್ತದೆ. ಬಿಸಿಲಲ್ಲಿ ಓಡಿಬಂದ ಹೇಂಟೆಮರಿಯ ಜುಟ್ಟು ಆ ಹೊತ್ತಿಗೆ ಕೆಂಪೇರುತ್ತದೆ. ಆದರೆ ಹೆಣ್ಣು ಹಾರ್ಮೋನು ಇಲ್ಲದ ಮೈಯಲ್ಲಿ ಚೂಪುಗರಿ ಬಂದೇ ಬರುತ್ತದೆ. ಎಷ್ಟೇ ಹೆದರಿಕೊಂಡಿದ್ದರೂ ಹುಂಜ ತನ್ನ ಗರಿಯನ್ನು ಮರೆಮಾಚಲಾರದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೋಳಿ ಸಾಕಲು ಶುರುಮಾಡಿದ ಮೊದಲ ವರ್ಷಗಳಲ್ಲಿ ಹನ್ನೊಂದು ಮರಿಗಳ ಗುಂಪೊಂದಿತ್ತು. ಅದರಲ್ಲಿ ಒಂದು ಬೂದುಗಂದು ಮರಿ, ಹನ್ನೊಂದನೇ ವಾರದಲ್ಲೂ ಜುಟ್ಟು ತೆಳು ಹಳದಿ, ಯಾವ ಜಗಳಕ್ಕೂ ಇಲ್ಲ, ಕಾಳಿಗೆ ಎಲ್ಲರೂ ಬಂದು ಹೋದ ಮೇಲೆ ಬರುತ್ತಿತ್ತು. ಹೇಂಟೆ ಎಂದು ನಂಬಿ, ಎರಡು ಹೇಂಟೆ ಸಾಕಿದ್ದ ಪರಿಚಯದ ಮನೆಯವರಿಗೆ ಕೊಟ್ಟೆ. ಮೂರು ವಾರದಲ್ಲಿ ಅವರಿಂದ ಕರೆ ಬಂತು, ಕೂಗುತ್ತಿದೆ ಎಂದರು. ಹೋಗಿ ನೋಡಿದರೆ ಗುರುತೇ ಸಿಗದಷ್ಟು ಕೆಂಪು ಜುಟ್ಟು. ಅದುಮಿಡುವವರು ಯಾರೂ ಇಲ್ಲದ ಜಾಗಕ್ಕೆ ಹೋಗಿತ್ತಲ್ಲ. ಅವರ ಮನೆಯ ಹುಡುಗಿ ಅದಕ್ಕೊಂದು ಹೆಸರಿಟ್ಟು, ಮೊಟ್ಟೆಗೆಂದು ಹುಲ್ಲಿನ ಬುಟ್ಟಿ ಮಾಡಿಟ್ಟಿದ್ದಳು. ಮರಿಯನ್ನು ವಾಪಸು ತರುವಾಗ ಅವಳು ಬಾಗಿಲ ಹತ್ತಿರ ನಿಂತಿದ್ದದ್ದು ಈಗಲೂ ಕಣ್ಣಮುಂದಿದೆ. ಮನೆಗೆ ಬಂದು ಹಳೆಯ ಚಿತ್ರ ತೆಗೆದು ನೋಡಿದೆ, ಕೊಟ್ಟ ದಿನ ತೆಗೆದದ್ದು. ಬಾಲದ ಬುಡದ ಹತ್ತಿರ ಸಣ್ಣ ಹೊಳಪಿನ ಎರಡು ಚೂಪುಗರಿ ಅಲ್ಲೇ ಇದ್ದವು. ನಾನು ಜುಟ್ಟೊಂದನ್ನೇ ನೋಡಿದ್ದೆ.

ಹಾಗೆಂದು ಜುಟ್ಟು ವ್ಯರ್ಥವಲ್ಲ. ಅದನ್ನು ಓದುವ ಕ್ರಮವಿದೆ. ನೆಟ್ಟಗಿನ ಜುಟ್ಟಿನ ಮರಿಯನ್ನು ನೆಟ್ಟಗಿನ ಜುಟ್ಟಿನ ಮರಿಯ ಜೊತೆ, ಚಪ್ಪಟೆ ಜುಟ್ಟಿನದನ್ನು ಚಪ್ಪಟೆ ಜುಟ್ಟಿನದರ ಜೊತೆ ಮಾತ್ರ ಹೋಲಿಸಬೇಕು. ನಿಮ್ಮ ಮನೆಗೆ ಬಂದು ಜುಟ್ಟು ನೋಡಿದವರು ಬಹುಶಃ ಎಡವಿದ್ದು ಇಲ್ಲಿಯೇ. ತಲೆಗಂಟಿದ ಮೂರು ಸಾಲಿನ ಜುಟ್ಟಿಗೆ ಕಾರಣವಾದ ಜೀನ್ ಜುಟ್ಟನ್ನೂ ಕೆಳಗಿನ ಜೋಲು ತೊಗಲನ್ನೂ ಚಿಕ್ಕದಾಗಿಸುತ್ತದೆ. ಅಂಥ ಹುಂಜಮರಿಯ ಜುಟ್ಟು ಎಂಟು ಹತ್ತು ವಾರಕ್ಕೂ ನೆಟ್ಟಗಿನ ಜುಟ್ಟಿನ ಹೇಂಟೆಯದಕ್ಕಿಂತ ಸಣ್ಣದಾಗಿ ಕಂಡೀತು. ಚಪ್ಪಟೆ ಜುಟ್ಟಿನಲ್ಲಿ ಎತ್ತರ ನೋಡಬೇಡಿ, ಅಗಲ ಮತ್ತು ಬಣ್ಣ ನೋಡಿ. ಏಳೆಂಟು ವಾರಕ್ಕೆ ಮೂರು ಸಾಲೂ ಉಬ್ಬಿ, ಮಧ್ಯದ ಸಾಲು ಎದ್ದು, ಗುಲಾಬಿಯಿಂದ ಕೆಂಪಿಗೆ ತಿರುಗಿದರೆ ಹುಂಜದ ಕಡೆ ವಾಲಿ. ಒಂದೇ ಸಾಲು, ಅದೂ ಹಳದಿ ದಾರದಷ್ಟು ಸಣ್ಣಗಿದ್ದರೆ ಹೇಂಟೆಯ ಕಡೆ. ನೆಟ್ಟಗಿನ ಜುಟ್ಟಿನಲ್ಲಿ ಆರೇಳು ವಾರಕ್ಕೇ ಕೆಂಪೇರಿ, ಬುಡ ದಪ್ಪವಾಗಿ, ಗಲ್ಲದ ಕೆಳಗೆ ಜೋಲು ತೊಗಲು ಇಳಿದಿದ್ದರೆ ಅದು ಬಹುಮಟ್ಟಿಗೆ ಹುಂಜವೇ. ಹೇಂಟೆಗೆ ಆ ಕೆಂಪು ಬರುವುದು ಮೊಟ್ಟೆಯಿಡುವ ಕಾಲ ಹತ್ತಿರವಾದಾಗ, ಅಂದರೆ ನಾಲ್ಕೈದು ತಿಂಗಳಿಗೆ. ಜುಟ್ಟು ನೋಡುವುದು ಬೆಳಗಿನ ತಂಪು ಹೊತ್ತಿನಲ್ಲಿ, ಮರಿಗಳು ಶಾಂತವಾಗಿರುವಾಗ. ಅಟ್ಟಿಸಿಕೊಂಡು ಹೋಗಿ ಹಿಡಿದು ನೋಡಿದರೆ ಎಲ್ಲವೂ ಕೆಂಪೇ.

ಕಂದು ಮರಿಗಳಲ್ಲಿ ಇನ್ನೊಂದು ಸುಳಿವು ಈಗಲೇ ಸಿಗುತ್ತದೆ, ಎದೆ ಮತ್ತು ಭುಜದ ಬಣ್ಣ. ಕೆಂಪು-ಕಪ್ಪು ಹುಂಜಕ್ಕೆ ಹುಟ್ಟಿದ ಕಂದು ಮರಿಗಳಲ್ಲಿ ಗಂಡಿಗೆ ಎದೆ ಕಪ್ಪಾಗುತ್ತದೆ, ಹೆಣ್ಣಿಗೆ ಎದೆ ತಿಳಿ ಕೆಂಗಂದು ಬಣ್ಣದಲ್ಲೇ ನಿಲ್ಲುತ್ತದೆ. ಏಳು ವಾರಕ್ಕೆ ಪೂರ್ತಿ ಎದೆ ಬದಲಾಗಿರುವುದಿಲ್ಲ, ಕಂದಿನ ನಡುವೆ ಹೊಸದಾಗಿ ಮೂಡುವ ಗರಿಗಳ ಬಣ್ಣ ನೋಡಬೇಕು. ಮರಿಯನ್ನು ಮಗ್ಗುಲಾಗಿ ಹಿಡಿದು ಎದೆಯ ಗರಿಗಳನ್ನು ಬೆರಳಿನಿಂದ ಹಿಂದಕ್ಕೆ ಸವರಿ. ಕೊಳವೆಯಿಂದ ಈಗಷ್ಟೇ ಬಿಚ್ಚಿಕೊಳ್ಳುತ್ತಿರುವ ಗರಿಯ ತುದಿ ಅಚ್ಚ ಕಪ್ಪಾಗಿದ್ದರೆ ಹುಂಜ. ಆಮೇಲೆ ಭುಜ. ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಕಡುಕೆಂಪು, ಜೇನುಕೆಂಪು ಗರಿಗಳು ತೇಪೆ ಹಚ್ಚಿದ ಹಾಗೆ ಅಲ್ಲೊಂದು ಇಲ್ಲೊಂದು ಕಂಡರೆ ಹುಂಜ. ಹೇಂಟೆಯ ಬೆನ್ನು, ಭುಜ, ರೆಕ್ಕೆ ಒಂದೇ ಬಟ್ಟೆಯಲ್ಲಿ ಹೊಲಿದಂತೆ ಒಂದೇ ಸಮನಾಗಿರುತ್ತವೆ. ಬೆರಕೆ ಮರಿಗಳಲ್ಲಿ ಗಂಡಿನ ಬಣ್ಣ ತೇಪೆತೇಪೆ, ಹೆಣ್ಣಿನದು ಏಕಸಮ ಎಂಬುದನ್ನು ನಾನು ಬಹಳ ನೆಚ್ಚುತ್ತೇನೆ. ಅದರಲ್ಲೂ ಭುಜದ ಕೆಂಪು ತೇಪೆ ತಪ್ಪಿದ್ದು ನನ್ನ ಅನುಭವದಲ್ಲಿ ತೀರಾ ಅಪರೂಪ.

ನೀವು ಕಳಿಸಿದ ಚಿತ್ರಗಳಲ್ಲಿ ನೆಟ್ಟಗಿನ ಜುಟ್ಟಿನ ಮೂರರಲ್ಲಿ ಎರಡಕ್ಕೆ ಈ ತೇಪೆ ಕಾಣುತ್ತಿದೆ, ಜುಟ್ಟೂ ಕೆಂಪೇರಿದೆ. ಎರಡು ಸುಳಿವು ಒಂದೇ ಕಡೆ ಕೈ ತೋರುತ್ತಿರುವುದರಿಂದ ಅವು ಹುಂಜ ಎಂದು ಬರೆದಿಟ್ಟುಕೊಳ್ಳಿ. ಮೂರನೆಯದು ಏಕಸಮ ಕಂದು, ಜುಟ್ಟು ಹಳದಿ, ಅದು ಹೇಂಟೆ ಇರಬೇಕು. ಚಪ್ಪಟೆ ಜುಟ್ಟಿನ ಎರಡರಲ್ಲಿ ಒಂದು ಹೇಂಟೆಯಂತೆ ತೋರುತ್ತದೆ. ಕಾಲಿಗೆ ನೀಲಿ ದಾರ ಕಟ್ಟಿರುವ ಇನ್ನೊಂದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಜುಟ್ಟು ತೆಳು ಗುಲಾಬಿ, ಎದೆಯಲ್ಲಿ ಎರಡು ಮೂರು ಕಪ್ಪು ಗರಿ, ಭುಜದಲ್ಲಿ ತೇಪೆ ಇಲ್ಲ. ಸುಳಿವುಗಳು ಒಂದೊಂದು ದಿಕ್ಕಿಗೆ ಎಳೆಯುವಾಗ ಕಾಯುವುದೇ ದಾರಿ.

ಏನಕ್ಕಾಗಿ ಕಾಯಬೇಕು ಎಂದರೆ ಬಾಲದ ಬುಡದ ಗರಿಗಾಗಿ. ಹತ್ತನೇ ವಾರದಿಂದ ಹುಡುಕಲು ಶುರುಮಾಡಿ, ಹನ್ನೆರಡು ವಾರಕ್ಕೆ ಹೆಚ್ಚಿನ ಮರಿಗಳಲ್ಲಿ ತಿಳಿಯುತ್ತದೆ, ನಿಧಾನದವುಗಳಲ್ಲಿ ಹದಿನಾಲ್ಕು ಹದಿನೈದು ಆಗಬಹುದು. ಸಂಜೆ ಗೂಡು ಸೇರಿ ಮೆತ್ತಗಾದ ಮರಿಯನ್ನು ಎತ್ತಿಕೊಂಡು, ತಲೆ ನಿಮ್ಮ ಮೊಣಕೈ ಕಡೆ ಬರುವಂತೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಬ್ಯಾಟರಿಯನ್ನು ಮೇಲಿನಿಂದ ಬಿಡಬೇಡಿ, ಪಕ್ಕದಿಂದ ಬಿಡಿ, ಹೊಳಪು ಆಗ ತಿಳಿಯುತ್ತದೆ. ಬೆನ್ನು ಬಾಲದ ಕಡೆ ಇಳಿಯುವ ಇಳಿಜಾರಿನಲ್ಲಿ, ಬಾಲ ಶುರುವಾಗುವುದಕ್ಕೆ ಎರಡು ಬೆರಳು ಮುಂಚೆ, ಗರಿಗಳನ್ನು ಒಂದೊಂದಾಗಿ ಬಿಡಿಸಿ. ಹೇಂಟೆಯ ಗರಿ ಅಗಲವಾಗಿ, ತುದಿ ಉಗುರಿನಂತೆ ಗುಂಡಗೆ, ಅಂಚಿನವರೆಗೂ ಒತ್ತೊತ್ತಾಗಿ ನೇಯ್ದಂತೆ ಇರುತ್ತದೆ. ಹುಂಜದ್ದು ಕಿರಿದು, ಉದ್ದ, ತುದಿಗೆ ಬರಬರುತ್ತ ಈಟಿಯ ಮೊನೆಯಂತೆ ಚೂಪು. ಅದರ ಅಂಚು ಜಾಲರಿಯಂತೆ ಬಿಡಿಬಿಡಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ತೂರುತ್ತದೆ, ಮೇಲೆ ಎಣ್ಣೆ ಸವರಿದ ಹೊಳಪು. ಮೊದಲಿಗೆ ಎರಡೂ ಬದಿಯಲ್ಲಿ ಒಂದೋ ಎರಡೋ ಬರುತ್ತವೆ, ಹಳೆಯ ಮರಿಗರಿಗಳ ಕೆಳಗೆ ಅಡಗಿರುತ್ತವೆ, ಮೇಲಿನಿಂದ ನೋಡಿದರೆ ಕಾಣವು. ಒಂದೇ ಒಂದು ನಿಜವಾದ ಚೂಪುಗರಿ ಸಿಕ್ಕರೂ ಸಾಕು, ಅದು ಹುಂಜ. ಕುತ್ತಿಗೆಯ ಗರಿಯನ್ನು ಇದಕ್ಕೆ ನಂಬಬೇಡಿ, ಹೇಂಟೆಗಳಲ್ಲೂ ಅಲ್ಲಿ ಸ್ವಲ್ಪ ಚೂಪಾಗಿಯೇ ಇರುತ್ತದೆ, ಅನುಭವವಿಲ್ಲದ ಕಣ್ಣಿಗೆ ಮೋಸವಾಗುತ್ತದೆ.

ಇದಕ್ಕೂ ಅಪವಾದಗಳಿವೆ. ಸೆಬ್ರೈಟ್ ತಳಿಯ ಹುಂಜಗಳಿಗೆ ಹೇಂಟೆಯಂಥದೇ ಗುಂಡಗಿನ ಗರಿ, ಅವುಗಳ ಚರ್ಮವೇ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಾಯಿಸುತ್ತದೆ. ಸಿಲ್ಕಿ ತಳಿಯ ಗರಿ ಹತ್ತಿಯ ಹಾಗೆ ಬಿಡಿಬಿಡಿಯಾಗಿರುವುದರಿಂದ ಆಕಾರವೇ ತಿಳಿಯದು. ನಿಮ್ಮ ಕೋಳಿಗಳಲ್ಲಿ ಈ ಎರಡರ ಕುರುಹು ಯಾವುದೂ ಕಾಣುತ್ತಿಲ್ಲ.

ಉಳಿದ ಗುರುತುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ನಾಲ್ಕು ವಾರದಲ್ಲಿ ಎದೆ ಉಬ್ಬಿಸಿ ಎದುರುಬದುರು ನಿಲ್ಲುವುದನ್ನು ಗಂಡೂ ಮಾಡುತ್ತದೆ, ಹೆಣ್ಣೂ ಮಾಡುತ್ತದೆ. ಟೋಪಿ ಎಸೆದರೆ ನೆಟ್ಟಗೆ ನಿಲ್ಲುವುದು ಹುಂಜ, ಕುಗ್ಗುವುದು ಹೇಂಟೆ ಎನ್ನುವುದರಲ್ಲಿ ಗೊತ್ತಾಗುವುದು ಮರಿಯ ಧೈರ್ಯ ಮಾತ್ರ. ಕಾಲಿನ ಮುಳ್ಳಿನ ಮೊಳಕೆ ಎರಡಕ್ಕೂ ಇರುತ್ತದೆ. ಒಡಹುಟ್ಟಿದವುಗಳ ನಡುವೆ ಕಾಲಿನ ದಪ್ಪ ಹೋಲಿಸಿದರೆ ಸ್ವಲ್ಪ ಉಪಯೋಗ, ಆದರೆ ನಿಮ್ಮಲ್ಲಿ ತಾಯಂದಿರು ಇಬ್ಬರು. ಕೂಗು ಕೇಳಿದರೆ ನಂಬಬಹುದು, ಕೆಲವು ಎರಡು ತಿಂಗಳಿಗೇ ಒಡಕು ದನಿಯಲ್ಲಿ ಶುರುಮಾಡುತ್ತವೆ, ಕೆಲವು ಐದು ತಿಂಗಳಾದರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಕೂಗದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ಮರಿಯ ಲಿಂಗ ಗೊತ್ತಾಗಿ ಹೋಗುವುದು ಹಳದಿ ಭಾಗ ಅಂಡಾಶಯದಿಂದ ಕಳಚುವ ಹೊತ್ತಿಗೆ. ಆಕಾರ ಬರುವುದು ಆಮೇಲೆ, ಅಂಡನಾಳದಲ್ಲಿ ಪೊರೆ ಸುತ್ತಿಕೊಳ್ಳುವಾಗ. ಒಂದು ಹೇಂಟೆ ತನ್ನ ಜೀವಮಾನವಿಡೀ ಬಹುತೇಕ ಒಂದೇ ಆಕಾರದ ಮೊಟ್ಟೆ ಇಡುತ್ತದೆ, ಅದರಲ್ಲಿ ಗಂಡೂ ಹೆಣ್ಣೂ ಎರಡೂ ಬರುತ್ತವೆ.

"ಅರ್ಧಕ್ಕರ್ಧ ಇರಲೇಬೇಕಲ್ಲ" ಎಂಬ ಲೆಕ್ಕದಿಂದ ತೀರ್ಮಾನಕ್ಕೆ ಬರಬೇಡಿ. ಪ್ರತಿ ಮೊಟ್ಟೆಗೂ ಸಾಧ್ಯತೆ ಅರ್ಧ ಎಂಬುದು ಸರಿ, ಆದರೆ ಐದು ಮರಿಗಳಲ್ಲಿ ನಾಲ್ಕು ಅಥವಾ ಐದೂ ಹುಂಜವಾಗುವ ಸಾಧ್ಯತೆ 32ರಲ್ಲಿ 6 ಇದೆ. ಹುಂಜಗಳ ಎಣಿಕೆ ತುಂಬಿತು, ಉಳಿದವು ಹೇಂಟೆ ಎಂದು ನೀಲಿ ದಾರದ ಮರಿಯನ್ನು ಪಕ್ಕಕ್ಕೆ ಸೇರಿಸಿಬಿಡುವ ಆಸೆ ಬರುತ್ತದೆ. ಅದರ ಒಡಹುಟ್ಟಿದವುಗಳ ಲಿಂಗಕ್ಕೂ ಅದರ ಲಿಂಗಕ್ಕೂ ಸಂಬಂಧವಿಲ್ಲ. ಕಾಯಲು ಆಗದ ಕಾರಣ ಏನಾದರೂ ಇದ್ದರೆ ಹಕ್ಕಿಗಳ ಡಿಎನ್ಎ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಬೇರುಸಹಿತ ಕಿತ್ತ ಒಂದೆರಡು ಎಳೆಗರಿ ಕಳಿಸಬಹುದು. ಉದುರಿದ ಗರಿ ಸಾಲದು, ಬುಡದಲ್ಲಿ ಜೀವಕೋಶ ಇರಬೇಕು.

ಈ ಐದು ವಾರ ಮಾಡಬೇಕಾದ ಕೆಲಸ ಸ್ವಲ್ಪವಿದೆ. ದಾರದ ಬದಲು ಬಣ್ಣದ ಕಾಲುಂಗುರ ಹಾಕಿ, ಇಲ್ಲವಾದರೆ ದಾರವನ್ನು ವಾರಕ್ಕೊಮ್ಮೆ ಬಿಚ್ಚಿ ಸಡಿಲವಾಗಿ ಕಟ್ಟಿ. ಮರಿಯ ಕಾಲು ನಾವು ಅಂದುಕೊಂಡದ್ದಕ್ಕಿಂತ ಬೇಗ ದಪ್ಪವಾಗುತ್ತದೆ, ದಾರ ಮಾಂಸಕ್ಕೆ ಇಳಿದದ್ದನ್ನು ಬಿಡಿಸಿದ್ದೇನೆ, ಬಹಳ ನೋವಿನ ಕೆಲಸ. ವಾರಕ್ಕೊಂದು ದಿನ ನೆರಳಿನಲ್ಲಿ, ಮರಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ಪಕ್ಕದಿಂದ ಒಂದು ಚಿತ್ರ, ಬೆನ್ನಿನ ಮೇಲಿನಿಂದ ಇನ್ನೊಂದು ಚಿತ್ರ ತೆಗೆದಿಡಿ. ಹೇಂಟೆಗಳು ಇರಬಹುದೆಂದು ಈಗಲೇ ಮೊಟ್ಟೆಕೋಳಿಯ ಆಹಾರ ಶುರುಮಾಡಬೇಡಿ. ಅದರಲ್ಲಿ ಸುಣ್ಣದಂಶ ಶೇಕಡಾ 3.5ರಿಂದ 4ರಷ್ಟಿರುತ್ತದೆ, ಬೆಳೆಯುವ ಮರಿಗೆ ಬೇಕಾದದ್ದು ಸುಮಾರು ಶೇಕಡಾ 1. ಹೆಚ್ಚಾದದ್ದು ಮೂತ್ರಪಿಂಡಕ್ಕೆ ಕುಂದು, ಹುಂಜಮರಿಗೂ ಹೇಂಟೆಮರಿಗೂ. ಮೊದಲ ಮೊಟ್ಟೆ ಹತ್ತಿರವಾಗುವವರೆಗೆ ಬೆಳವಣಿಗೆಯ ಆಹಾರವೇ ಇರಲಿ.

ಯಾವ ಹುಂಜ ಇಟ್ಟುಕೊಳ್ಳಬೇಕೆಂದು ನೀವು ಕೇಳಿಲ್ಲ, ಆದರೂ ಹೇಳಬೇಕು ಅನಿಸುತ್ತದೆ. ತಂದೆ ಹುಂಜ ಇನ್ನೂ ಇದೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇದ್ದರೆ ಹೇಂಟೆಗಳಿಗೆ ನೆಮ್ಮದಿ. ನಿಮ್ಮಲ್ಲಿ ಎಲ್ಲ ಸೇರಿದರೂ ಆರೇಳು ಆದಾವು. ಎರಡು ಹುಂಜ ಇಟ್ಟರೆ ಹೇಂಟೆಗಳ ಬೆನ್ನಿನ ಗರಿ ಕಿತ್ತು ಬರಿಮೈಯಾಗುತ್ತದೆ. ಆದ್ದರಿಂದ ಮಗನನ್ನು ಇಡುವುದಾದರೆ ತಂದೆಗೆ ಬೇರೆ ಜಾಗ ನೋಡಬೇಕಾದೀತು, ಇಲ್ಲವೇ ಮಕ್ಕಳಲ್ಲಿ ಯಾವ ಹುಂಜವನ್ನೂ ಇಡದಿರುವುದೇ ಸಲೀಸು. ಇಡುವುದೇ ಆದರೆ ಮೊದಲು ಜುಟ್ಟು ಕೆಂಪಾದದ್ದನ್ನು ಆರಿಸಿಕೊಳ್ಳಬೇಡಿ, ಆರು ತಿಂಗಳವರೆಗೆ ನಡವಳಿಕೆ ನೋಡಿ. ಕಾಳು ಸಿಕ್ಕಾಗ ತಾನು ತಿನ್ನದೆ ಕುಟುಕುಟು ಎಂದು ಹೇಂಟೆಗಳನ್ನು ಕರೆಯುವ ಹುಂಜ ಒಂದು ಇದ್ದೇ ಇರುತ್ತದೆ.

ನೀಲಿ ದಾರದ ಮರಿಗೆ ಹನ್ನೆರಡು ವಾರ ತುಂಬಿದ ಸಂಜೆ ಬಾಲದ ಬುಡದ ಗರಿಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಪಕ್ಕದ ಬೆಳಕಿನಲ್ಲಿ ಒಂದು ಚಿತ್ರ ತೆಗೆದು ಕಳಿಸಿ. ಗುಂಡಗಿನ ಗರಿಗಳೇ ಕಂಡರೆ ಇನ್ನೂ ಎರಡು ವಾರ ಬಿಟ್ಟು ಮತ್ತೊಂದು ಕಳಿಸಿ, ಆಮೇಲೆ ಹೇಳುತ್ತೇನೆ.